ಒಯ್ಯುವವನು ಓದಬಾರದು

ಸೇತುವೆಗಳು ಬರುವ ಮೊದಲು ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಪ್ರಯಾಣವೆಂದರೆ ಹೊಳೆ ದಾಟುವುದೇ ಆಗಿತ್ತು. ಭಟ್ಕಳದ ಕಡೆಯಿಂದ ಹೊನ್ನಾವರಕ್ಕೆ ಬರುವವರು ಕಾಸರಕೋಡಿನಲ್ಲಿ ಇಳಿದು ಶರಾವತಿಯನ್ನು ದಾಟಬೇಕಿತ್ತು. ಕುಮಟಾದಿಂದ ಗೋಕರ್ಣದ ಕಡೆಗೆ ಹೊರಟವರಿಗೆ ಅಘನಾಶಿನಿ ಅಡ್ಡವಾಗುತ್ತಿತ್ತು. ತಾರಿಯ ದೋಣಿಯಲ್ಲಿ ಮದುವೆಯ ದಿಬ್ಬಣದವರೂ, ಆಸ್ಪತ್ರೆಗೆ ಹೊರಟ ರೋಗಿಯೂ, ಒಡವೆ ಅಡವಿಡಲು ಗಂಟು ಕಟ್ಟಿಕೊಂಡು ಹೊರಟ ಹೆಂಗಸೂ ಒಟ್ಟಿಗೇ ಕುಳಿತಿರುತ್ತಿದ್ದರು. ಅಂಬಿಗ ಎಲ್ಲರಿಂದಲೂ ದೋಣಿಯ ಬಾಡಿಗೆಯನ್ನು ಪಡೆಯುತ್ತಿದ್ದ. ಯಾರ ಗಂಟನ್ನೂ ಬಿಚ್ಚಿ ನೋಡುತ್ತಿರಲಿಲ್ಲ. ದಾಟಿಸುವುದಷ್ಟೇ ತನ್ನ ಕೆಲಸ, ಗಂಟಿನೊಳಗೆ ಏನಿದೆ ಎಂದು ತಿಳಿಯುವ ಅಧಿಕಾರ ತನಗಿಲ್ಲ ಎಂಬುದು ಯಾವ ಕಾನೂನೂ ಕಲಿಸದೆ ಅವನಿಗೆ ತಿಳಿದಿತ್ತು.

ಇದೇ ಕರಾವಳಿ ಬೇರೊಂದು ಬಗೆಯ ದಾರಿಯ ಒಡೆಯರನ್ನೂ ಕಂಡಿದೆ. 16ನೆಯ ಶತಮಾನದಲ್ಲಿ ಅರಬ್ಬೀ ಸಮುದ್ರದ ಮೇಲೆ ಹಿಡಿತ ಸಾಧಿಸಿದ ಪೋರ್ಚುಗೀಸರು 'ಕಾರ್ಟಾಜ್' ಎಂಬ ರಹದಾರಿ ಪತ್ರದ ಪದ್ಧತಿಯನ್ನು ತಂದರು. ಹಡಗು ಯಾರದು, ಅದರ ನಾಯಕ ಯಾರು, ಏನನ್ನು ಹೇರಿಕೊಂಡಿದೆ, ಯಾವ ಬಂದರಿಗೆ ಹೊರಟಿದೆ ಎಂಬುದನ್ನೆಲ್ಲ ಅದರಲ್ಲಿ ಬರೆಸಿಕೊಳ್ಳಬೇಕಿತ್ತು. ಪತ್ರವಿಲ್ಲದ ಹಡಗನ್ನು ಅವರು ವಶಪಡಿಸಿಕೊಳ್ಳುತ್ತಿದ್ದರು. ಭಟ್ಕಳ, ಹೊನ್ನಾವರಗಳಂತಹ ಬಂದರುಗಳ ವರ್ತಕರು ಅಕ್ಕಿ, ಮೆಣಸುಗಳನ್ನು ಸಾಗಿಸುತ್ತಿದ್ದ ಕಡಲು ಅಲ್ಲಿಯವರೆಗೆ ಯಾರ ಸ್ವತ್ತೂ ಆಗಿರಲಿಲ್ಲ. ದಾರಿಯನ್ನು ಹಿಡಿದವನು ದಾರಿಹೋಕನ ಲೆಕ್ಕವನ್ನೆಲ್ಲ ಬರೆದುಕೊಳ್ಳಲು ತೊಡಗಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಹಿರಿಯರು ಆಗಲೇ ಅನುಭವಿಸಿದ್ದರು.

ಈ ಎರಡು ನಡತೆಗಳನ್ನು ಇಲ್ಲಿ ನೆನೆದುದಕ್ಕೆ ಕಾರಣವಿದೆ. ಇಂದು ನಮ್ಮೆಲ್ಲರ ಮನೆಗೂ ಬಂದಿರುವ ಅಂತರಜಾಲವೂ ಒಂದು ದಾರಿಯೇ. ಅದನ್ನು ಒದಗಿಸುವ ಕಂಪನಿಗೆ ನಾವು ತಿಂಗಳು ತಿಂಗಳು ಬಾಡಿಗೆ ಕೊಡುತ್ತೇವೆ. ಆ ಕಂಪನಿ ಅಂಬಿಗನಂತೆ ನಡೆದುಕೊಳ್ಳಬೇಕೇ, ಕಾರ್ಟಾಜ್ ಕೊಟ್ಟವರಂತೆ ನಡೆದುಕೊಳ್ಳಬಹುದೇ? ಗ್ರಾಹಕರು ಯಾವ ಪುಟಗಳನ್ನು ಓದುತ್ತಾರೆಂದು ನೋಡಿ, ಅದಕ್ಕೆ ತಕ್ಕ ಜಾಹೀರಾತುಗಳನ್ನು ತೋರಿಸಿ ಹಣ ಮಾಡುವ ಪ್ರಯತ್ನ ಕಳೆದ ಎರಡು ದಶಕಗಳಲ್ಲಿ ಹಲವು ದೇಶಗಳಲ್ಲಿ ನಡೆಯಿತು. ಅದನ್ನು ಜನ ವಿರೋಧಿಸಿದರು. ಆ ವಿರೋಧದ ಒಂದು ಮುಖ್ಯ ಅಧ್ಯಾಯ ನಮ್ಮ ಬೆಂಗಳೂರಿನಲ್ಲೇ ನಡೆದಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ಇದೇ ಕ್ಷೇತ್ರದಲ್ಲಿ ಉದ್ಯೋಗದಲ್ಲಿದ್ದಾರೆ. ಅವರಿಗೆ ಇದರ ತಾಂತ್ರಿಕ ಭಾಗ ನನಗಿಂತ ಚೆನ್ನಾಗಿ ಗೊತ್ತು. ಇತಿಹಾಸದ ಭಾಗವನ್ನಷ್ಟೇ ನಾನು ಹೇಳಬಯಸುತ್ತೇನೆ.

ಅಂಚೆಯಿಂದ ದೂರವಾಣಿಯವರೆಗೆ

ಒಯ್ಯುವವನು ಓದಬಾರದು ಎಂಬ ನಿಯಮ ಹೊಸದಲ್ಲ. 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯು ಅಂಚೆಯ ನೌಕರನೊಬ್ಬ ತನ್ನ ಕರ್ತವ್ಯಕ್ಕೆ ವಿರುದ್ಧವಾಗಿ ಪತ್ರವನ್ನು ಒಡೆದು ನೋಡುವುದನ್ನು ಅಪರಾಧವೆಂದು ಸಾರಿತ್ತು. 1885ರ ತಂತಿ ಕಾಯ್ದೆಯೂ ತಂತಿ ಸಂದೇಶದ ವಿಷಯವನ್ನು ಹೊರಗೆಡಹುವ ನೌಕರನಿಗೆ ಶಿಕ್ಷೆಯನ್ನು ವಿಧಿಸಿತ್ತು. ಆ ಕಾಯ್ದೆಗಳನ್ನು ಮಾಡಿದ ಪರಕೀಯ ಸರ್ಕಾರ ತನಗೆ ಬೇಕೆನಿಸಿದಾಗ ಪತ್ರ, ತಂತಿಗಳನ್ನು ತಡೆದು ನೋಡುವ ಅಧಿಕಾರವನ್ನು ಮಾತ್ರ ತನ್ನಲ್ಲೇ ಉಳಿಸಿಕೊಂಡಿತ್ತೆಂಬುದೂ ನಿಜ. ಆದರೂ ಅಂಚೆಯಣ್ಣನಿಗೆ ಅದನ್ನು ಓದುವ ಹಕ್ಕಿರಲಿಲ್ಲ. ಓದಿ ಅಂಗಡಿಕಾರನಿಗೆ ಮಾರುವ ಹಕ್ಕಂತೂ ಇರಲೇ ಇಲ್ಲ.

ಭಟ್ಕಳದ ಮನೆಗಳಿಗೆ ದುಬೈಯಿಂದ ಬರುತ್ತಿದ್ದ ಪತ್ರಗಳನ್ನು ನೆನಪಿಸಿಕೊಳ್ಳಿ. ಅವುಗಳಲ್ಲಿ ಎಷ್ಟು ಸಂಸಾರಗಳ ಸಾಲಸೋಲ, ಎಷ್ಟು ಮಕ್ಕಳ ವಿದ್ಯಾಭ್ಯಾಸದ ಚಿಂತೆ, ಎಷ್ಟು ಮದುವೆಯ ಮಾತುಕತೆಗಳು ತುಂಬಿರುತ್ತಿದ್ದವು! ಅಂಚೆಯಣ್ಣ ಬಾಗಿಲಿಗೆ ಬಂದಾಗ ಆ ಮನೆಯವರು ನಿಶ್ಚಿಂತೆಯಿಂದ ಕೈ ಚಾಚುತ್ತಿದ್ದುದು ಲಕೋಟೆ ಒಡೆದಿಲ್ಲವೆಂಬ ನಂಬಿಕೆಯಿಂದ. ಅಂಚೆ ಕಾರ್ಡಿನಲ್ಲಿ ಬರೆದದ್ದು ದಾರಿಯಲ್ಲಿ ಯಾರ ಕಣ್ಣಿಗಾದರೂ ಬೀಳಬಹುದೆಂದು ಗೊತ್ತಿದ್ದುದರಿಂದಲೇ ಮನೆಯ ಗುಟ್ಟನ್ನು ಯಾರೂ ಕಾರ್ಡಿನಲ್ಲಿ ಬರೆಯುತ್ತಿರಲಿಲ್ಲ. ಅದಕ್ಕೆ ಅಂತರ್ದೇಶೀಯ ಪತ್ರವೋ ಲಕೋಟೆಯೋ ಬೇಕಾಗುತ್ತಿತ್ತು.

ದೂರವಾಣಿ ಬಂದಾಗ ಈ ನಂಬಿಕೆ ಸ್ವಲ್ಪ ಸಡಿಲಾಯಿತು. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ವಿನಿಮಯ ಕೇಂದ್ರದ ಆಪರೇಟರ್ ಮನಸ್ಸು ಮಾಡಿದರೆ ಮಾತನ್ನು ಕೇಳಿಸಿಕೊಳ್ಳಬಹುದಿತ್ತು. ಹಾಗೆ ಕೇಳಿಸಿಕೊಳ್ಳುವುದು ತಪ್ಪೆಂಬುದನ್ನು ಆಪರೇಟರೂ ಬಲ್ಲರು, ಊರೂ ಬಲ್ಲದು. ಎಸ್‌ಟಿಡಿ ಬಂದ ಮೇಲೆ ನಡುವೆ ಮನುಷ್ಯರೇ ಇಲ್ಲವಾದುದರಿಂದ ಆ ಆತಂಕ ಮರೆಯಿತು.

ಆದರೆ ಸರ್ಕಾರದ ಕಿವಿ ಉಳಿದೇ ಇತ್ತು. 1986ರಲ್ಲಿ ಸಂಸತ್ತು ಅಂಚೆ ಕಚೇರಿ ತಿದ್ದುಪಡಿ ಮಸೂದೆಯನ್ನು ಅಂಗೀಕರಿಸಿತು. ಪತ್ರಗಳನ್ನು ತಡೆದು ನೋಡಲು ಸರ್ಕಾರಕ್ಕೆ ವಿಶಾಲವಾದ ಅಧಿಕಾರವನ್ನು ಕೊಡುತ್ತಿದ್ದ ಆ ಮಸೂದೆಗೆ ಪತ್ರಿಕೆಗಳಲ್ಲೂ ಸಾರ್ವಜನಿಕರಲ್ಲೂ ವಿರೋಧ ಬಂತು. ರಾಷ್ಟ್ರಪತಿ ಜೈಲ್ ಸಿಂಗ್ ಅವರು ಅದಕ್ಕೆ ಅಂಕಿತ ಹಾಕದೆ ಹಾಗೆಯೇ ಇಟ್ಟುಕೊಂಡರು, ಅದು ಕಾನೂನಾಗಲಿಲ್ಲ. ಪೌರನೀತಿಯ ಪಾಠದಲ್ಲಿ ರಾಷ್ಟ್ರಪತಿಯ ಅಧಿಕಾರಗಳನ್ನು ಬೋಧಿಸುವಾಗಲೆಲ್ಲ ನಾನು ಈ ಉದಾಹರಣೆಯನ್ನು ಕೊಡುತ್ತಿದ್ದುದು ಕೆಲವರಿಗಾದರೂ ನೆನಪಿರಬಹುದು.

ಅದಾದ ಎರಡೇ ವರ್ಷಗಳಲ್ಲಿ ಕರ್ನಾಟಕದಲ್ಲೇ ಭೂಕಂಪವಾಯಿತು. 1988ರ ಆಗಸ್ಟ್‌ನಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದ ನಡುವೆ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ನೀಡಿದರು. ಅವರು ನಮ್ಮದೇ ಜಿಲ್ಲೆಯ ಸಿದ್ದಾಪುರ ತಾಲೂಕಿನ ದೊಡ್ಮನೆಯವರು. ಜಿಲ್ಲೆಯ ಹೆಮ್ಮೆಯಾಗಿದ್ದ ನಾಯಕರೊಬ್ಬರು ಇಂತಹ ವಿಷಯದಲ್ಲಿ ಅಧಿಕಾರ ಬಿಡಬೇಕಾಗಿ ಬಂದುದು ನಮ್ಮ ಕಡೆಯವರಿಗೆ ಬಹಳ ನೋವಿನ ಸಂಗತಿಯಾಗಿತ್ತು. ಆದರೆ ಆ ಘಟನೆಯಿಂದ ನಾಡಿಗೆ ಒಂದು ಪಾಠವಾಯಿತು: ಮತ್ತೊಬ್ಬರ ಮಾತನ್ನು ಕದ್ದು ಕೇಳುವುದು ಸರ್ಕಾರವನ್ನೇ ಉರುಳಿಸುವಷ್ಟು ಗುರುತರವಾದ ಅಪರಾಧ. 1996ರ ಡಿಸೆಂಬರ್ 18ರಂದು ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಹೂಡಿದ್ದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ದೂರವಾಣಿಯಲ್ಲಿ ಮಾತನಾಡುವುದು ವ್ಯಕ್ತಿಯ ಖಾಸಗಿ ಬದುಕಿನ ಭಾಗವೆಂದು ಹೇಳಿ, ಕದ್ದಾಲಿಕೆಗೆ ಯಾರು ಆದೇಶ ಕೊಡಬಹುದು, ಅದನ್ನು ಯಾರು ಪರಿಶೀಲಿಸಬೇಕು ಎಂಬುದಕ್ಕೆ ಕಟ್ಟುನಿಟ್ಟಾದ ಸೂತ್ರಗಳನ್ನು ಹಾಕಿಕೊಟ್ಟಿತು.

ಹೊಸ ದಾರಿ, ಹೊಸ ಅಂಬಿಗ

1995ರ ಆಗಸ್ಟ್ 15ರಂದು ವಿದೇಶ ಸಂಚಾರ ನಿಗಮವು ಭಾರತದಲ್ಲಿ ಸಾರ್ವಜನಿಕರಿಗೆ ಅಂತರಜಾಲವನ್ನು ತೆರೆಯಿತು. ನಮ್ಮ ಸಣ್ಣ ಊರುಗಳಿಗೆ ಅದು ನಿಧಾನವಾಗಿ, ದೂರವಾಣಿ ತಂತಿಯ ಮೂಲಕವೇ ಬಂತು. ಮೊದಲಿಗೆ ಸೈಬರ್ ಕೆಫೆಗಳು, ಆಮೇಲೆ ಮನೆಮನೆಗೆ ಬ್ರಾಡ್‌ಬ್ಯಾಂಡ್, ಈಗ ಎಲ್ಲರ ಕೈಯಲ್ಲೂ ಮೊಬೈಲು.

ಇಲ್ಲಿ ಒಂದು ಸಂಗತಿಯನ್ನು ಸ್ಪಷ್ಟಪಡಿಸಿಕೊಳ್ಳಬೇಕು. ನಾವು ಒಂದು ಜಾಲತಾಣವನ್ನು ತೆರೆದಾಗ ನಮ್ಮ ಕೋರಿಕೆ ಮೊದಲು ಸೇವೆ ಒದಗಿಸುವ ಕಂಪನಿಯ ಯಂತ್ರಗಳಿಗೆ ಹೋಗಿ, ಅಲ್ಲಿಂದ ಮುಂದೆ ಸಾಗುತ್ತದೆ; ಉತ್ತರವೂ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಒಂದು ಅಂಗಡಿಯ ಜಾಲತಾಣಕ್ಕೆ ನಾವು ತನ್ನಲ್ಲಿ ಏನು ನೋಡಿದೆವೆಂಬುದು ಮಾತ್ರ ಗೊತ್ತು. ಗೂಗಲ್, ಫೇಸ್‌ಬುಕ್‌ಗಳಂತಹ ದೊಡ್ಡ ಕಂಪನಿಗಳಿಗೆ ಬಹಳಷ್ಟು ಗೊತ್ತಿದ್ದರೂ ಬೇಡವೆಂದರೆ ಅವುಗಳಿಂದ ದೂರವಿರಲು ಕಷ್ಟಪಟ್ಟಾದರೂ ಸಾಧ್ಯ. ಆದರೆ ಸೇವಾದಾರ ಕಂಪನಿಯನ್ನು ಬಿಟ್ಟು ಮುಂದೆ ಹೋಗುವ ದಾರಿಯೇ ಇಲ್ಲ. ಊರಿಗೆ ಒಂದೇ ತಾರಿ ಇದ್ದಂತೆ. ಎಲ್ಲ ಪ್ರಯಾಣಿಕರೂ, ಎಲ್ಲ ಗಂಟುಗಳೂ ಅಲ್ಲಿಂದಲೇ ಸಾಗಬೇಕು.

ಹಳೆಯ 'ಎಚ್‌ಟಿಟಿಪಿ' ಪದ್ಧತಿಯಲ್ಲಿ ಪುಟಗಳು ಅಂಚೆ ಕಾರ್ಡಿನಂತೆ ತೆರೆದೇ ಸಾಗುತ್ತಿದ್ದವು. ಕುಮಟಾದ ಒಬ್ಬ ಗೃಹಿಣಿ ತನ್ನ ಎದೆಯಲ್ಲಿ ಕಂಡ ಗಂಟಿನ ಬಗ್ಗೆ ಮನೆಯವರಿಗೂ ಹೇಳದೆ ಓದುತ್ತಿರಬಹುದು. ಹೊನ್ನಾವರದ ಒಬ್ಬ ಯುವಕ ಸಾಲದ ದಾರಿ ಹುಡುಕುತ್ತಿರಬಹುದು. ಭಟ್ಕಳದ ಒಬ್ಬ ಹುಡುಗಿ ಹೆತ್ತವರಿಗೆ ಗೊತ್ತಾಗದಂತೆ ದೂರದ ಊರಿನ ಕಾಲೇಜಿನ ವಿವರ ನೋಡುತ್ತಿರಬಹುದು. ಇವರ್ಯಾರೂ ಅಪರಾಧಿಗಳಲ್ಲ. ಆದರೆ ಇವರು ಏನನ್ನು ಓದುತ್ತಿದ್ದಾರೆಂಬುದು ಇವರ ಮನಸ್ಸಿನ ಕನ್ನಡಿ. ಇಂತಹ ಲಕ್ಷಾಂತರ ಕಾರ್ಡುಗಳು ಕಣ್ಣಮುಂದೆ ಹಾದುಹೋಗುತ್ತಿರುವಾಗ ಅವುಗಳನ್ನು ಓದಿ ಜಾಹೀರಾತುದಾರರಿಗೆ ಒದಗಿಸಿದರೆ ಇನ್ನಷ್ಟು ಹಣ ಬರುವುದಲ್ಲವೇ ಎಂಬ ಆಲೋಚನೆ ಕೆಲವು ಕಂಪನಿಗಳಿಗೆ ಹೊಳೆಯಿತು.

ಬ್ರಿಟನ್ನಿನಲ್ಲಿ ನಡೆದದ್ದು

ಈ ಆಲೋಚನೆಯನ್ನು ವ್ಯವಹಾರವನ್ನಾಗಿ ಮಾಡಿದ ಸಂಸ್ಥೆಗಳಲ್ಲಿ ಹೆಚ್ಚು ಹೆಸರಾದದ್ದು 'ಫಾರ್ಮ್'. ಇದರ ಯಂತ್ರಗಳನ್ನು ಸೇವಾದಾರ ಕಂಪನಿಯ ಜಾಲದೊಳಗೇ ಕೂಡಿಸಲಾಗುತ್ತಿತ್ತು. ಅವು ಗ್ರಾಹಕರು ನೋಡುವ ಪುಟಗಳಿಂದ ಮುಖ್ಯ ಪದಗಳನ್ನು ಆಯ್ದು, ಇವರು ಪ್ರವಾಸಪ್ರಿಯರು, ಇವರು ಕಾರು ಕೊಳ್ಳುವವರು ಎಂದು ಗುಂಪು ಮಾಡುತ್ತಿದ್ದವು. ಗ್ರಾಹಕರ ಹೆಸರು ತಮಗೆ ಬೇಡ, ಒಂದು ಅಂಕಿ ಮಾತ್ರ ಸಾಕು ಎಂದು ಕಂಪನಿ ಸಮಾಧಾನ ಹೇಳುತ್ತಿತ್ತು.

2008ರ ಫೆಬ್ರವರಿಯಲ್ಲಿ ಬ್ರಿಟನ್ನಿನ ಮೂರು ದೊಡ್ಡ ಸೇವಾದಾರ ಕಂಪನಿಗಳಾದ ಬಿಟಿ, ವರ್ಜಿನ್ ಮೀಡಿಯಾ ಮತ್ತು ಟಾಕ್‌ಟಾಕ್ ಫಾರ್ಮ್ ಜೊತೆ ಒಪ್ಪಂದ ಮಾಡಿಕೊಂಡುದು ಪ್ರಕಟವಾಯಿತು. ಅದರ ಬೆನ್ನಿಗೇ ಇನ್ನೊಂದು ಸತ್ಯ ಹೊರಬಿತ್ತು. 2006ರಲ್ಲಿಯೇ ಬಿಟಿ ತನ್ನ ಸುಮಾರು 18,000 ಗ್ರಾಹಕರ ಮೇಲೆ, ಅವರಿಗೆ ಒಂದು ಮಾತೂ ತಿಳಿಸದೆ, ಈ ಪದ್ಧತಿಯ ಪ್ರಯೋಗ ನಡೆಸಿತ್ತು. 2007ರಲ್ಲಿ ಮತ್ತೊಮ್ಮೆ ನಡೆಸಿತ್ತು. ತಮ್ಮ ಗಣಕಯಂತ್ರ ಗೊತ್ತಿಲ್ಲದ ವಿಳಾಸದೊಡನೆ ಮಾತನಾಡುತ್ತಿರುವುದನ್ನು ಕಂಡು ವಿಚಾರಿಸಿದ ಗ್ರಾಹಕರಿಗೆ ಆಗ ಸಿಕ್ಕಿದ್ದು ನಿರಾಕರಣೆ ಮಾತ್ರ.

ಜನರ ಸಿಟ್ಟು ಕೆರಳಿದ್ದು ಇಲ್ಲಿ. ಪ್ರಧಾನಮಂತ್ರಿಗೆ ಸಲ್ಲಿಸಿದ ಮನವಿಗೆ 20,000ಕ್ಕೂ ಹೆಚ್ಚು ಜನ ಸಹಿ ಹಾಕಿದರು. 2008ರ ಜುಲೈನಲ್ಲಿ ಲಂಡನ್ನಿನಲ್ಲಿ ಬಿಟಿಯ ವಾರ್ಷಿಕ ಸಭೆ ನಡೆಯುತ್ತಿದ್ದಾಗ ಹೊರಗೆ ಪ್ರತಿಭಟನೆ ನಡೆಯಿತು. ವಿಶ್ವವ್ಯಾಪಿ ಜಾಲವನ್ನು ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಅವರೇ ತಮ್ಮ ಸೇವಾದಾರರು ಹೀಗೆ ಮಾಡಿದರೆ ಅವರನ್ನು ಬಿಟ್ಟು ಬೇರೆಯವರ ಬಳಿ ಹೋಗುವುದಾಗಿ ಹೇಳಿದರು. ಅವರು ಕೊಟ್ಟ ಉದಾಹರಣೆ ಯಾರಿಗಾದರೂ ಅರ್ಥವಾಗುವಂಥದು: ತಾನು ಕ್ಯಾನ್ಸರಿನ ಬಗ್ಗೆ ಪುಸ್ತಕಗಳನ್ನು ಹುಡುಕಿದ ಸಂಗತಿ ವಿಮಾ ಕಂಪನಿಗೆ ತಲುಪಿ, ವಿಮೆಯ ಕಂತು ಏರಿದರೆ?

2009ರ ಏಪ್ರಿಲ್‌ನಲ್ಲಿ ಅಮೆಜಾನ್ ಮತ್ತು ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನಗಳು ತಮ್ಮ ಪುಟಗಳನ್ನು ಫಾರ್ಮ್ ಓದಕೂಡದೆಂದು ಹೇಳಿ ಹೊರಗುಳಿದವು. ಅದೇ ತಿಂಗಳು, ಗ್ರಾಹಕರ ಸಂವಹನದ ಗೌಪ್ಯತೆಯನ್ನು ಕಾಪಾಡುವಂತಹ ಕಾನೂನು ಬ್ರಿಟನ್ನಿನಲ್ಲಿ ಸಮರ್ಪಕವಾಗಿಲ್ಲವೆಂದು ಯುರೋಪಿಯನ್ ಆಯೋಗವು ಆ ದೇಶದ ಮೇಲೆ ಕ್ರಮ ಆರಂಭಿಸಿತು. ಜುಲೈನಲ್ಲಿ ಬಿಟಿ ತನ್ನ ಯೋಜನೆಯನ್ನು ಕೈಬಿಟ್ಟಿತು. ಬ್ರಿಟನ್ 2011ರಲ್ಲಿ ಕಾನೂನನ್ನು ತಿದ್ದಬೇಕಾಯಿತು. ಆಮೇಲೆ 2012ರ ಜನವರಿಯಲ್ಲಿ ಆಯೋಗ ತನ್ನ ಮೊಕದ್ದಮೆಯನ್ನು ಮುಗಿಸಿತು. ರಹಸ್ಯ ಪ್ರಯೋಗಕ್ಕಾಗಿ ಯಾರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡುವುದಿಲ್ಲವೆಂದು ಅಲ್ಲಿನ ಸರ್ಕಾರಿ ಅಭಿಯೋಜಕರು 2011ರಲ್ಲಿ ತೀರ್ಮಾನಿಸಿದರು. ಬೇರೆ ಬೇರೆ ದೇಶಗಳಲ್ಲಿ ಅದೃಷ್ಟ ಪರೀಕ್ಷೆ ಮಾಡಿದ ಫಾರ್ಮ್ 2016ರಲ್ಲಿ ಬಾಗಿಲು ಹಾಕಿತು. ಶಿಕ್ಷೆ ಯಾರಿಗೂ ಆಗಲಿಲ್ಲ, ಆದರೆ ಯೋಜನೆ ನಿಂತಿತು.

ಅಮೆರಿಕದ ಏರಿಳಿತ

ಅದೇ ಕಾಲದಲ್ಲಿ ಅಮೆರಿಕದಲ್ಲಿ 'ನೆಬುಆ್ಯಡ್' ಎಂಬ ಸಂಸ್ಥೆ ಇದೇ ಕೆಲಸಕ್ಕೆ ಇಳಿದಿತ್ತು. ಎಂಬಾರ್ಕ್ ಎಂಬ ಸೇವಾದಾರ ಕಂಪನಿ ಕಾನ್ಸಾಸ್ ರಾಜ್ಯದ ಗಾರ್ಡ್‌ನರ್ ಊರಿನಲ್ಲಿ ಇದನ್ನು ಪರೀಕ್ಷಿಸಿತು. ಸೂಚನೆಯನ್ನು ತನ್ನ ಜಾಲತಾಣದ ಮೂಲೆಯೊಂದರಲ್ಲಿ ಹಾಕಿ, ಬೇಡವಾದವರು ತಿಳಿಸಬಹುದೆಂದು ಬರೆದಿತ್ತು. ಸುಮಾರು 26,000 ಗ್ರಾಹಕರಲ್ಲಿ 'ಬೇಡ' ಎಂದು ತಿಳಿಸಿದವರು ಕೇವಲ 15 ಮಂದಿ! ಉಳಿದವರೆಲ್ಲ ಒಪ್ಪಿದರೆಂದು ಇದರ ಅರ್ಥವೇ? ತರಗತಿಯಲ್ಲಿ "ಯಾರಿಗೆ ಅರ್ಥವಾಗಿಲ್ಲ?" ಎಂದು ಕೇಳಿದಾಗ ಯಾರೂ ಕೈ ಎತ್ತದಿದ್ದರೆ ಎಲ್ಲರಿಗೂ ಅರ್ಥವಾಗಿದೆ ಎಂದು ತಿಳಿಯುವ ಶಿಕ್ಷಕ ಇನ್ನೂ ಶಿಕ್ಷಕನಾಗಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂಬ ಮಾತು ಕೇಳಿಸಿಕೊಂಡವನ ಮೌನಕ್ಕೆ ಸಲ್ಲುತ್ತದೆ. ಕೇಳಿಯೇ ಇಲ್ಲದವನ ಮೌನಕ್ಕೆ ಸಲ್ಲದು.

2008ರಲ್ಲಿ ಅಮೆರಿಕದ ಸಂಸತ್ತಿನ ಸದಸ್ಯರು ಈ ಕಂಪನಿಗಳನ್ನು ಕರೆದು ಪ್ರಶ್ನಿಸಿದರು. ಚಾರ್ಟರ್ ಎಂಬ ದೊಡ್ಡ ಕಂಪನಿ ತನ್ನ ಯೋಜನೆಯನ್ನು ಜೂನ್ ತಿಂಗಳಿನಲ್ಲೇ ತಡೆಹಿಡಿಯಿತು. ನೆಬುಆ್ಯಡ್ 2009ರಲ್ಲಿ ಮುಚ್ಚಿತು.

ಆದರೆ ಆಸೆ ಮುಚ್ಚಲಿಲ್ಲ. ವೆರಿಝಾನ್ ಕಂಪನಿ 2012ರಿಂದ ತನ್ನ ಮೊಬೈಲ್ ಗ್ರಾಹಕರ ಕೋರಿಕೆಗಳಿಗೆ, ಅವರಿಗೆ ತಿಳಿಯದಂತೆ, ಒಂದು ಗುರುತಿನ ಸಂಖ್ಯೆಯನ್ನು ಅಂಟಿಸುತ್ತಿತ್ತು. 2014ರಲ್ಲಿ ಅದು ಬಯಲಾಗಿ, 2016ರ ಮಾರ್ಚ್‌ನಲ್ಲಿ 13.5 ಲಕ್ಷ ಡಾಲರ್ ದಂಡ ತೆತ್ತಿತು. ಆ ವರ್ಷದ ಅಕ್ಟೋಬರ್‌ನಲ್ಲಿ ಅಲ್ಲಿನ ಸಂವಹನ ಆಯೋಗವು ಗ್ರಾಹಕರ ಸ್ಪಷ್ಟ ಒಪ್ಪಿಗೆಯಿಲ್ಲದೆ ಅವರ ಜಾಲವೀಕ್ಷಣೆಯ ವಿವರವನ್ನು ಬಳಸಕೂಡದೆಂದು ನಿಯಮ ಮಾಡಿತು. ಅದು ಜಾರಿಗೆ ಬರುವ ಮೊದಲೇ 2017ರ ಮಾರ್ಚ್‌ನಲ್ಲಿ ಸಂಸತ್ತು ಅದನ್ನು ರದ್ದುಪಡಿಸಿತು. ಏಪ್ರಿಲ್ 3ರಂದು ಅಧ್ಯಕ್ಷರ ಸಹಿಯೂ ಬಿತ್ತು. ಜನರ ಗೆಲುವನ್ನು ಕಾಯದಿದ್ದರೆ ಅದು ಆರು ತಿಂಗಳೂ ಉಳಿಯದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಬೆಂಗಳೂರಿನ ಅಧ್ಯಾಯ

ಈಗ ನಮ್ಮ ನಾಡಿಗೆ ಬರೋಣ. 2015ರ ವರ್ಷ ಭಾರತದ ಅಂತರಜಾಲದ ಇತಿಹಾಸದಲ್ಲಿ ಮಹತ್ವದ್ದು. ದಾರಿಯ ಒಡೆಯರು ಕೆಲವು ಜಾಲತಾಣಗಳಿಗೆ ಒಂದು ದರ, ಉಳಿದವುಗಳಿಗೆ ಮತ್ತೊಂದು ದರ ವಿಧಿಸಬಹುದೇ ಎಂಬ ಪ್ರಶ್ನೆಯನ್ನೊಳಗೊಂಡ ಸಮಾಲೋಚನಾ ಪತ್ರವನ್ನು ಟ್ರಾಯ್ ಆ ವರ್ಷದ ಮಾರ್ಚ್ 27ರಂದು ಪ್ರಕಟಿಸಿತು. ಅದಕ್ಕೆ ಒಂದು ತಿಂಗಳೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಮಿಂಚಂಚೆಗಳು ಹೋದವು. ಕಾನೂನಿನ ಒಂದು ಕರಡಿಗೆ ಇಷ್ಟು ಮಂದಿ ಸಾಮಾನ್ಯರು ಪತ್ರ ಬರೆದದ್ದು ನಮ್ಮ ದೇಶದಲ್ಲಿ ಅಪರೂಪ.

ಈ ಗದ್ದಲ ಇನ್ನೂ ಆರದಿರುವಾಗಲೇ, ಜೂನ್ ಮೊದಲ ವಾರದಲ್ಲಿ, ಬೆಂಗಳೂರಿನ ತಂತ್ರಜ್ಞ ತೇಜೇಶ್ ಜಿ. ಎನ್. ಅವರು ಒಂದು ವಿಚಿತ್ರವನ್ನು ಗಮನಿಸಿದರು. ಏರ್‌ಟೆಲ್‌ನ 3ಜಿ ಸಂಪರ್ಕದಲ್ಲಿ ತಮ್ಮದೇ ಜಾಲತಾಣವನ್ನು ತೆರೆದು ಅದರ ಮೂಲ ಬರಹವನ್ನು ನೋಡಿದಾಗ, ತಾವು ಬರೆಯದ ಕೆಲವು ಸಾಲುಗಳು ಅದರಲ್ಲಿದ್ದವು. ಪುಟ ದಾರಿಯಲ್ಲಿ ಬರುವಾಗ ಯಾರೋ ಅದರೊಳಗೆ ಒಂದು ಸಣ್ಣ ತಂತ್ರಾಂಶದ ತುಣುಕನ್ನು ಸೇರಿಸಿದ್ದರು. ಬರೆದವರು ಅವರೇ, ಓದಿದವರೂ ಅವರೇ ಆದುದರಿಂದ ನಡುವೆ ಕೈಯಾಡಿಸಿದವರು ಬೇರೆಯವರೆಂಬುದರಲ್ಲಿ ಸಂಶಯವೇ ಉಳಿಯಲಿಲ್ಲ. ಸಂಪರ್ಕದ ವಿಳಾಸವನ್ನು ಹಿಡಿದು ನೋಡಿದರೆ ಅದು ಏರ್‌ಟೆಲ್‌ಗೇ ಸೇರಿತ್ತು. ಅವರು ಆ ಸಾಲುಗಳನ್ನು ಚಿತ್ರಸಮೇತ ಸಾರ್ವಜನಿಕರ ಮುಂದಿಟ್ಟರು.

ಅದಕ್ಕೆ ಬಂದ ಉತ್ತರ ಬೆರಗು ಹುಟ್ಟಿಸುವಂಥದು. ಆ ತಂತ್ರಾಂಶ ತನ್ನದೆಂದು ಹೇಳಿಕೊಂಡ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಎಂಬ ಕಂಪನಿ, ಮುಂಬಯಿಯ ವಕೀಲರ ಮೂಲಕ ತೇಜೇಶ್ ಅವರಿಗೇ ನೋಟಿಸು ಕಳುಹಿಸಿತು. ತನ್ನ ಕೃತಿಸ್ವಾಮ್ಯ ಉಲ್ಲಂಘನೆಯಾಗಿದೆ, ಆ ಸಾಲುಗಳನ್ನು ಪ್ರಕಟಿಸಿದ್ದು ಅಪರಾಧ, ಕೂಡಲೇ ತೆಗೆಯಬೇಕು ಎಂಬುದು ಅದರ ಸಾರ. ದಂಡಸಂಹಿತೆ, ಮಾಹಿತಿ ತಂತ್ರಜ್ಞಾನ ಕಾಯ್ದೆಗಳ ಹೆಸರೂ ಅದರಲ್ಲಿತ್ತು. ಅವರು ಅದನ್ನು ಪ್ರಕಟಿಸಿದ್ದ ಗಿಟ್‌ಹಬ್ ತಾಣದಿಂದಲೂ ಅದನ್ನು ತೆಗೆಸಲಾಯಿತು. ಮನೆಯೊಳಗೆ ನುಗ್ಗಿದವನ ಚಪ್ಪಲಿಯನ್ನು ಊರಿಗೆ ತೋರಿಸಿದರೆ, ಚಪ್ಪಲಿ ನನ್ನದು, ತೋರಿಸಿದ್ದೇ ತಪ್ಪು ಎಂದು ಜಗಳಕ್ಕೆ ಬಂದಂತಾಯಿತು!

ನೋಟಿಸಿನ ಸುದ್ದಿ ಹಬ್ಬಿದ ಕೂಡಲೇ ವಿಷಯ ದೇಶವಿದೇಶಗಳ ಪತ್ರಿಕೆಗಳಿಗೆ ಹೋಯಿತು. ಏರ್‌ಟೆಲ್ ನೋಟಿಸಿಗೂ ತನಗೂ ಯಾವ ಸಂಬಂಧವೂ ಇಲ್ಲವೆಂದು ಹೇಳಿತು. ಗ್ರಾಹಕರು ತಾವು ಎಷ್ಟು ಡೇಟಾ ಬಳಸಿದ್ದೇವೆಂದು ತಿಳಿದುಕೊಳ್ಳಲು ನೆರವಾಗುವ ಒಂದು ಪ್ರಾಯೋಗಿಕ ಯೋಜನೆ ಇದು, ಎರಿಕ್ಸನ್ ಸಂಸ್ಥೆಯ ಮೂಲಕ ನಡೆಯುತ್ತಿದೆ ಎಂಬುದು ಅದರ ವಿವರಣೆಯಾಗಿತ್ತು. ನ್ಯಾಯವಾಗಿ ಹೇಳುವುದಾದರೆ, ಬ್ರಿಟನ್ನಿನಲ್ಲಿ ನಡೆದಂತೆ ಜಾಹೀರಾತಿಗಾಗಿಯೇ ಇಲ್ಲಿ ಗ್ರಾಹಕರ ಓದನ್ನು ಬರೆದಿಟ್ಟುಕೊಂಡರೆಂದು ಸಾಬೀತಾಗಲಿಲ್ಲ. ಆದರೆ ಜನರ ಆಕ್ಷೇಪ ಉದ್ದೇಶದ ಬಗ್ಗೆ ಮಾತ್ರ ಇರಲಿಲ್ಲ. ಡೇಟಾದ ಲೆಕ್ಕ ಹೇಳಲು ಒಂದು ಎಸ್‌ಎಂಎಸ್ ಸಾಲದೇ? ನನ್ನ ಪತ್ರವನ್ನು ತೆರೆದು ಅದರೊಳಗೆ ನಿಮ್ಮ ಚೀಟಿಯನ್ನು ಏಕೆ ಇಡಬೇಕು? ಇಂದು ಲೆಕ್ಕದ ಚೀಟಿ ಇಡಬಲ್ಲ ಕೈ ನಾಳೆ ಜಾಹೀರಾತನ್ನೂ ಇಡಬಲ್ಲದು, ನಾಳಿದ್ದು ಪತ್ರದ ಸಾರಾಂಶವನ್ನು ಬರೆದುಕೊಳ್ಳಲೂಬಲ್ಲದು. ಈ ಪ್ರಶ್ನೆಗಳನ್ನು ಎತ್ತಿದವರು ರಾಜಕೀಯ ನಾಯಕರಲ್ಲ. ಸಾಮಾನ್ಯ ಬಳಕೆದಾರರು, ವಕೀಲರು, ಪತ್ರಕರ್ತರು, ನಿಮ್ಮಂತಹ ತಂತ್ರಜ್ಞರು.

ಒಬ್ಬ ವ್ಯಕ್ತಿ ತನ್ನ ಪುಟದ ಮೂಲ ಬರಹವನ್ನು ತೆರೆದು ನೋಡಿದ್ದರಿಂದ ಇಷ್ಟೆಲ್ಲ ಆಯಿತು. ಬ್ರಿಟನ್ನಿನಲ್ಲೂ ಆರಂಭ ಹೀಗೆಯೇ ಆಗಿತ್ತು. ಯಾವ ನಿಯಂತ್ರಣಾಧಿಕಾರಿಯೂ ಇವುಗಳನ್ನು ಮೊದಲಿಗೆ ಕಂಡುಹಿಡಿಯಲಿಲ್ಲ. ಹಾಗೆ ನೋಡುವಷ್ಟು ತಿಳಿವಳಿಕೆಯೂ, ನೋಡಿದ್ದನ್ನು ಹೇಳುವಷ್ಟು ಧೈರ್ಯವೂ ಇದ್ದ ಗ್ರಾಹಕರು ಕಂಡುಹಿಡಿದರು.

ನ್ಯಾಯಾಲಯ ಮತ್ತು ಕಾನೂನು

2016ರ ಫೆಬ್ರವರಿ 8ರಂದು ಟ್ರಾಯ್ ತಾರತಮ್ಯದ ದರಗಳನ್ನು ನಿಷೇಧಿಸಿತು. ದಾರಿಯ ಒಡೆಯ ಸರಕನ್ನು ನೋಡಿ ಬಾಡಿಗೆ ವಿಧಿಸಕೂಡದೆಂಬುದು ಸ್ಥಿರವಾಯಿತು. ಸರಕನ್ನು ನೋಡಲೇಬಾರದೇ ಎಂಬ ದೊಡ್ಡ ಪ್ರಶ್ನೆಗೆ ಉತ್ತರ ಬಂದದ್ದು ಇನ್ನೊಬ್ಬ ಕನ್ನಡಿಗರಿಂದ.

ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದ್ದರು. ಆ ವಿಚಾರಣೆಯ ನಡುವೆ ಸರ್ಕಾರವು ಖಾಸಗಿತನ ಮೂಲಭೂತ ಹಕ್ಕೇ ಅಲ್ಲವೆಂದು ವಾದಿಸಿತು. 1954ರ ಮತ್ತು 1962ರ ಹಳೆಯ ತೀರ್ಪುಗಳು ಅದಕ್ಕೆ ಆಧಾರವಾಗಿದ್ದವು. ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಆ ವಾದವನ್ನು ತಳ್ಳಿಹಾಕಿ, ಖಾಸಗಿತನವು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನೊಳಗೇ ಇದೆ ಎಂದು ಸಾರಿತು. ನಾನು ಮೂರು ದಶಕ ಪೌರನೀತಿ ಬೋಧಿಸಿದಾಗ ಪಠ್ಯಪುಸ್ತಕದ ಹಕ್ಕುಗಳ ಪಟ್ಟಿಯಲ್ಲಿ ಈ ಪದ ಇರಲಿಲ್ಲ. 21ನೆಯ ವಿಧಿಯನ್ನು ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆವು. ಆ ಎರಡು ಸಾಲುಗಳಲ್ಲಿ ಇಷ್ಟೊಂದು ಅಡಗಿತ್ತೆಂಬುದನ್ನು ವೃದ್ಧ ನ್ಯಾಯಮೂರ್ತಿಯೊಬ್ಬರ ಹಟ ತೋರಿಸಿಕೊಟ್ಟಿತು. ಅವರು 2024ರ ಅಕ್ಟೋಬರ್‌ನಲ್ಲಿ 98ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆಮೇಲಿನ ಹೆಜ್ಜೆಗಳು ನಿಧಾನವಾದವು. 2018ರ ಜುಲೈ 16ರಂದು ಟ್ರಾಯ್, ದೂರಸಂಪರ್ಕ ಗ್ರಾಹಕರ ಮಾಹಿತಿಗೆ ಗ್ರಾಹಕರೇ ಒಡೆಯರು, ಕಂಪನಿಗಳು ಕೇವಲ ಪಾಲಕರು ಎಂದು ಶಿಫಾರಸು ಮಾಡಿತು. ಅದೇ ತಿಂಗಳು ನ್ಯಾಯಮೂರ್ತಿ ಬಿ. ಎನ್. ಶ್ರೀಕೃಷ್ಣ ಸಮಿತಿ ತನ್ನ ವರದಿಯನ್ನು ಕೊಟ್ಟಿತು. ಕಡೆಗೆ 2023ರ ಆಗಸ್ಟ್ 11ರಂದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಯ ಅಂಕಿತ ಬಿತ್ತು; ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಮುಖ್ಯ ಕಟ್ಟಳೆಗಳನ್ನು ಪಾಲಿಸಲು ಕಂಪನಿಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಒಪ್ಪಿಗೆ ಸ್ವತಂತ್ರವಾಗಿರಬೇಕು, ಸ್ಪಷ್ಟವಾಗಿರಬೇಕು, ವ್ಯಕ್ತಿ ತಾನಾಗಿ 'ಹೌದು' ಎಂದು ಸೂಚಿಸಿರಬೇಕು ಎಂದು ಈ ಕಾಯ್ದೆ ಹೇಳುತ್ತದೆ. ಗಾರ್ಡ್‌ನರ್ ಊರಿನ ಮೌನ ಇಲ್ಲಿ ಒಪ್ಪಿಗೆಯಾಗದು. 18 ವರ್ಷದೊಳಗಿನ ಮಕ್ಕಳ ಜಾಡು ಹಿಡಿಯುವುದನ್ನೂ ಅವರನ್ನು ಗುರಿಯಾಗಿಸಿದ ಜಾಹೀರಾತುಗಳನ್ನೂ ಅದು ಸಾಮಾನ್ಯವಾಗಿ ನಿಷೇಧಿಸುತ್ತದೆ. ಶಿಕ್ಷಕನಾಗಿ ನನಗೆ ಹೆಚ್ಚು ಸಮಾಧಾನ ಕೊಟ್ಟ ಭಾಗ ಇದು. ಆದರೆ ಸರ್ಕಾರ ತನ್ನ ಸಂಸ್ಥೆಗಳಿಗೆ ಈ ಕಾಯ್ದೆಯಿಂದ ವಿನಾಯಿತಿ ಕೊಡಬಹುದೆಂಬ ಅಂಶವೂ ಅದರಲ್ಲಿದೆ. 1898ರ ಅಂಚೆ ಕಾಯ್ದೆಯ ಹಳೆಯ ಗುಣ ಇನ್ನೂ ಪೂರ್ತಿ ಬಿಟ್ಟಿಲ್ಲ.

ಲಕೋಟೆಯ ಮಹಿಮೆ

ಕಾನೂನಿಗಿಂತ ಮೊದಲು ನೆರವಿಗೆ ಬಂದದ್ದು ಲಕೋಟೆ. ಜಾಲತಾಣದ ವಿಳಾಸದಲ್ಲಿ 'ಎಚ್‌ಟಿಟಿಪಿಎಸ್' ಎಂದಿದ್ದರೆ ಪುಟವು ಅಂಚೆ ಕಾರ್ಡಿನಂತಲ್ಲದೆ ಮೊಹರು ಮಾಡಿದ ಲಕೋಟೆಯಲ್ಲಿ ಬರುತ್ತದೆ. ದಾರಿಯಲ್ಲಿ ಅದನ್ನು ಓದಲೂ ಆಗದು, ಅದರೊಳಗೆ ಚೀಟಿ ಇಡಲೂ ಆಗದು. ಮೊದಲು ಇದು ದುಬಾರಿಯಾಗಿದ್ದುದರಿಂದ ಬ್ಯಾಂಕುಗಳಂತಹವು ಮಾತ್ರ ಬಳಸುತ್ತಿದ್ದವು. 2015ರ ಕೊನೆಯಲ್ಲಿ 'ಲೆಟ್ಸ್ ಎನ್‌ಕ್ರಿಪ್ಟ್' ಎಂಬ ಸಂಸ್ಥೆ ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಎಲ್ಲರಿಗೂ ಉಚಿತವಾಗಿ ಕೊಡತೊಡಗಿತು. ಇಂದು ನಾವು ನೋಡುವ ಬಹುಪಾಲು ಪುಟಗಳು ಲಕೋಟೆಯಲ್ಲೇ ಬರುತ್ತವೆ. ಫಾರ್ಮ್ ಮಾದರಿಯ ಓದು ಈಗ ಮೊದಲಿನಷ್ಟು ಸುಲಭವಲ್ಲ.

ಆದರೆ ಲಕೋಟೆಯ ಮೇಲೆ ವಿಳಾಸವಂತೂ ಇರಬೇಕಲ್ಲ. ನಾವು ಯಾವ ಜಾಲತಾಣಕ್ಕೆ ಹೋದೆವು, ಎಷ್ಟು ಹೊತ್ತಿಗೆ ಹೋದೆವು ಎಂಬುದು ಸೇವಾದಾರರಿಗೆ ಸಾಮಾನ್ಯವಾಗಿ ಈಗಲೂ ತಿಳಿಯುತ್ತದೆ. ರಾತ್ರಿ ಎರಡು ಗಂಟೆಗೆ ಕ್ಯಾನ್ಸರ್ ಆಸ್ಪತ್ರೆಯೊಂದರ ತಾಣಕ್ಕೆ ಮೂರು ಬಾರಿ ಹೋದವರು ಏನು ಓದಿದರೆಂದು ಊಹಿಸಲು ಲಕೋಟೆಯನ್ನು ಒಡೆಯಬೇಕಾಗಿಲ್ಲ. ಆದುದರಿಂದ ಲಕೋಟೆ ಕಾನೂನಿಗೆ ಬದಲಿಯಲ್ಲ, ಎರಡೂ ಬೇಕು.

"ನಾನು ತಪ್ಪೇನೂ ಮಾಡುತ್ತಿಲ್ಲ, ನೋಡಿದರೆ ನೋಡಲಿ" ಎಂದು ನಮ್ಮ ಬಂಧುಗಳಲ್ಲೇ ಅನೇಕರು ಹೇಳುವುದನ್ನು ಕೇಳಿದ್ದೇನೆ. ದೋಣಿಯಲ್ಲಿ ಒಡವೆಯ ಗಂಟನ್ನು ಹಿಡಿದು ಕುಳಿತ ಆ ಹೆಂಗಸೂ ತಪ್ಪೇನೂ ಮಾಡಿರಲಿಲ್ಲ. ಅವಳ ಬಡತನ ಊರಿಗೆ ಗೊತ್ತಾಗಬಾರದಿತ್ತು, ಅಷ್ಟೇ. ಮರೆ ಬೇಕಾಗುವುದು ತಪ್ಪಿಗೆ ಮಾತ್ರವಲ್ಲ. ಕಷ್ಟಕ್ಕೆ, ಕಾಯಿಲೆಗೆ, ಸಂಕೋಚಕ್ಕೆ, ಇನ್ನೂ ಗಟ್ಟಿಯಾಗದ ಆಸೆಗೂ ಬೇಕಾಗುತ್ತದೆ.

ನನ್ನ ವಿದ್ಯಾರ್ಥಿಗಳಲ್ಲಿ ದೂರಸಂಪರ್ಕ ಕಂಪನಿಗಳಲ್ಲಿ ಕೆಲಸ ಮಾಡುವವರಿಗೆ ಒಂದು ಮಾತು. ಗ್ರಾಹಕರ ಓದನ್ನು ಹಣವನ್ನಾಗಿಸುವ ಯೋಜನೆಯೊಂದು ನಿಮ್ಮ ಮೇಜಿಗೆ ಬಂದರೆ, ಇದನ್ನು ನಿಮ್ಮ ತಾಯಿಗೆ ಹೇಳಿ ಒಪ್ಪಿಗೆ ಪಡೆಯಬಲ್ಲಿರಾ ಎಂದು ಕೇಳಿಕೊಳ್ಳಿ. ಉಳಿದವರು ಮನೆಯ ಸಂಪರ್ಕದ ಕರಾರು ಪತ್ರವನ್ನು ಒಮ್ಮೆ ಪೂರ್ತಿ ಓದಿ. ಯಾವ ತಾಣಕ್ಕೂ ಸೇರದ ಜಾಹೀರಾತು ಪುಟದ ಮೇಲೆ ಕಂಡರೆ ಸುಮ್ಮನಿರದೆ ಕಂಪನಿಗೆ ಬರೆದು ಕೇಳಿ, ಉತ್ತರವನ್ನು ಜೋಪಾನವಾಗಿಡಿ. ಇಂಗ್ಲಿಷ್ ಬಾರದ ಹಿರಿಯರ ಮೊಬೈಲಿನಲ್ಲಿ 'ಒಪ್ಪಿಗೆ' ಎಂಬ ಗುಂಡಿಯನ್ನು ಅವರ ಪರವಾಗಿ ಒತ್ತುವ ಮೊದಲು, ಯಾವುದಕ್ಕೆ ಒಪ್ಪಿಗೆ ಎಂದು ಅವರಿಗೆ ಕನ್ನಡದಲ್ಲಿ ಒಂದು ಮಾತು ಹೇಳಿ.